ಲಾಂಛನವಿಲ್ಲದ ಜೆರ್ಸಿ

ರೊಮೇನಿಯಾದ ಒಂದು ಸಣ್ಣ ಊರಿನ ಫುಟ್‌ಬಾಲ್ ಕ್ಲಬ್ಬಿನ ಕಥೆಯನ್ನು ನಾನು ಕೇಳಿದ್ದು ಕಾರಿನಲ್ಲಿ, ಸೀಟು ಬೆಲ್ಟ್ ಬಿಗಿದುಕೊಂಡು, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದೆ. ಆಟದ ವಿಷಯದಲ್ಲಿ ನಾನು ಶುದ್ಧ ದಡ್ಡಿ. ಆಫ್‌ಸೈಡ್ ಎಂದರೇನು ಎಂದು ಈಗ ಕೇಳಿದರೂ ಮಾತು ಬದಲಾಯಿಸುತ್ತೇನೆ. ಆದರೆ ಆ ಊರಿನ ತಂಡ ಯಾವ ವರ್ಷ ಗೆದ್ದಿತು, ಹೇಗೆ ಮುಳುಗಿತು, ಯಾರು ಯಾರ ಬೆನ್ನಿಗೆ ಚೂರಿ ಹಾಕಿದರು ಎಂಬುದೆಲ್ಲ ನನಗೆ ಮನೆ ಸುದ್ದಿಯಷ್ಟೇ ಚೆನ್ನಾಗಿ ಗೊತ್ತು.

ನಾವಿರುವುದು ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ, ಗಂಡ ಕೆಲಸ ಮಾಡುವ ಆಸ್ಪತ್ರೆಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ. ನನ್ನ ಆಫೀಸು ದುಬೈಯ ಜುಮೇರಾ ಲೇಕ್ ಟವರ್ಸ್‌ನಲ್ಲಿ. ದಿನಾ ಹೋಗಿ ಬರುವ ಈ ಓಡಾಟದಲ್ಲಿ ನನ್ನ ಅರ್ಧ ಆಯುಷ್ಯ ಹೆದ್ದಾರಿಗೇ ಹೋಯಿತು. ಅದೇ ಆಫೀಸಿನ ರೊಮೇನಿಯಾದ ಎಂಜಿನಿಯರೊಬ್ಬರು ನಮ್ಮ ಮನೆಯ ಹತ್ತಿರದ ಹಮ್ದಾನ್ ಸ್ಟ್ರೀಟಿನಲ್ಲಿ ಇದ್ದರು. ಕಟ್ಟಡಗಳ ಏಸಿ ಗಾಳಿ ಹರಿಯುವ ಡಕ್ಟ್ ಎಲ್ಲೆಲ್ಲಿ ಹಾಯಬೇಕು ಎಂದು ನಕ್ಷೆ ಹಾಕುವುದು ಅವರ ಕೆಲಸ. ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ಕೆಳಗೆ ಬಂದು ನನ್ನನ್ನು ಹತ್ತಿಸಿಕೊಳ್ಳುತ್ತಿದ್ದರು. ನಾನು ಡಬ್ಬಿಯಲ್ಲಿ ಬನ್ಸ್ ಒಯ್ಯುತ್ತಿದ್ದೆ. ಬಾಳೆಹಣ್ಣು ಹಾಕಿ ಕರಿದ ಮಂಗಳೂರಿನ ಬನ್ಸನ್ನು ಅವರು ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದೇ ಮುಗಿಸುತ್ತಿದ್ದರು. ನನ್ನ ಗಂಡ ಅವರಿಗೆ 'ಸಾರಥಿ' ಎಂದು ಹೆಸರಿಟ್ಟಿದ್ದ. "ಹೋಗು ಮಾರಾಯ್ತಿ, ನಿನ್ನ ಸಾರಥಿ ಬಂದು ನಿಂತದ್ದು ಆಯ್ತು" ಎಂದು ಬಾಲ್ಕನಿಯಿಂದ ಕೂಗುತ್ತಿದ್ದ.

ನನ್ನದು ಕೂತಲ್ಲಿ ಕೂರದ ಸ್ವಭಾವ. ಸಿಗ್ನಲ್ ಹಸಿರಾಗುವ ಮೊದಲೇ ಇಲ್ಲದ ಆಕ್ಸಿಲರೇಟರನ್ನು ನನ್ನ ಕಾಲು ಒತ್ತುತ್ತದೆ. ಯಾರಾದರೂ ಮಾತು ಅರ್ಧಕ್ಕೆ ನಿಲ್ಲಿಸಿದರೆ ಮೈಮೇಲೆ ಇರುವೆ ಬಿಟ್ಟ ಹಾಗಾಗುತ್ತದೆ. ಸಾರಥಿ ಇದಕ್ಕೆ ಪೂರಾ ವಿರುದ್ಧ. ದೊಡ್ಡ ದೇಹ, ನಿಧಾನದ ಮಾತು. ಪಕ್ಕದ ಲೇನಿನವನು ಹಾರನ್ ಹೊಡೆದು ನುಗ್ಗಿದರೂ "ಯಲ್ಲಾ, ಹೋಗು ಹೋಗು" ಎಂದು ದಾರಿ ಬಿಡುವವರು. ಫುಟ್‌ಬಾಲ್ ವಿಷಯ ಬಂದಾಗ ಮಾತ್ರ ಅವರ ಕಾರು ಸ್ವಲ್ಪ ಜೋರಾಗಿ ಓಡುತ್ತಿತ್ತು.

ಅವರ ಊರಿನಲ್ಲಿ ರೈಲು ಬೋಗಿ ಮಾಡುವ ಕಾರ್ಖಾನೆ ಇತ್ತಂತೆ. ಅಪ್ಪ ಅಲ್ಲಿ ಲೇತ್ ಮೆಷಿನ್ನಿನಲ್ಲಿ ದುಡಿಯುತ್ತಿದ್ದರು. ಕಾರ್ಖಾನೆಯ ಕೆಲಸಗಾರರೇ ಕಟ್ಟಿಕೊಂಡ ತಂಡ ಅದು. ವಾರವೆಲ್ಲ ಕಬ್ಬಿಣ ಬಡಿದವರು ಭಾನುವಾರ ಚೆಂಡು ಒದೆಯುತ್ತಿದ್ದರು. ಊರಿಗೆ ಊರೇ ಮೈದಾನಕ್ಕೆ ಬಂದು, ಸೂರ್ಯಕಾಂತಿ ಬೀಜ ಕಚ್ಚಿ ಸಿಪ್ಪೆ ಉಗುಳುತ್ತಾ ಕೂಗುತ್ತಿತ್ತು. ಸಾರಥಿಯನ್ನೂ ಅವರ ತಮ್ಮನನ್ನೂ ಅಪ್ಪ ಎರಡು ಕೈಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದರಂತೆ. ತಂಡ ಒಂದೊಂದೇ ಮೆಟ್ಟಿಲು ಹತ್ತಿ ದೇಶದ ಮೊದಲ ದರ್ಜೆಗೆ ಬಂತು. ರಾಜಧಾನಿಯ ದೊಡ್ಡ ತಂಡವೊಂದನ್ನು ಸೋಲಿಸಿತು. ಒಂದು ವರ್ಷ ಯುರೋಪಿನ ಟೂರ್ನಿಗೂ ಹೋಯಿತು. ಪಶ್ಚಿಮದ ಯಾವುದೋ ಸಿರಿವಂತ ತಂಡ ಆ ಸಣ್ಣ ಊರಿಗೆ ಬಸ್ಸಿನಲ್ಲಿ ಬಂದಿಳಿದಾಗ ಜನ ಆ ಬಸ್ಸನ್ನೇ ಮುಟ್ಟಿ ಮುಟ್ಟಿ ನೋಡಿದರಂತೆ.

"ಆಮೇಲೆ?" ಎಂದು ನಾನು ಕೇಳುತ್ತಿದ್ದೆ.

"ಆಮೇಲೆ ಖಲಾಸ್" ಎಂದು ಅವರು ರೇಡಿಯೋ ಜೋರು ಮಾಡುತ್ತಿದ್ದರು.

ಪ್ರತಿ ಸಲವೂ ಇದೇ ಕಥೆ. ಕ್ಲಬ್ಬು ಮುಳುಗಿತು, ಈಗ ಅಭಿಮಾನಿಗಳೇ ಸೇರಿ ಹೊಸದಾಗಿ ಕಟ್ಟಿದ್ದಾರೆ, ಎಲ್ಲಕ್ಕಿಂತ ಕೆಳಗಿನ ಲೀಗಿನಲ್ಲಿ ಆಡುತ್ತಿದೆ, ತಾನೂ ಅದರ ಸದಸ್ಯ, ಇಷ್ಟು ಹೇಳುತ್ತಿದ್ದರು. ಹಳ್ಳಿ ಮೈದಾನಗಳಲ್ಲಿ ಆಟ ಶುರುವಾಗುವ ಮೊದಲು ಹಸುಗಳನ್ನು ಓಡಿಸಬೇಕಾಗುತ್ತದೆ ಎಂದು ನಗುತ್ತಿದ್ದರು. ಮುಳುಗಿದ್ದು ಹೇಗೆ ಎಂಬಲ್ಲಿಗೆ ಬಂದ ಕೂಡಲೇ ಬಾಯಿ ಬಂದ್. ಅಷ್ಟು ದೊಡ್ಡ ಕಥೆಯ ನಡುವೆ ಹೀಗೊಂದು ಗುಂಡಿ ಇಟ್ಟುಕೊಂಡು ಇವರು ಹೇಗೆ ನೆಮ್ಮದಿಯಿಂದ ಗಾಡಿ ಓಡಿಸುತ್ತಾರೆ ಎಂದು ನನಗೇ ಚಡಪಡಿಕೆ.

ಆಫೀಸಿನಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ಕಟ್ಟಡದ ನಕ್ಷೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಗೋಡೆ ಸರಿಯುತ್ತದೆ, ಬಾಗಿಲು ಬದಲಾಗುತ್ತದೆ, ಪ್ರತಿ ಬದಲಾವಣೆಗೂ ಹೊಸ ನಕ್ಷೆ. ಹೊಸದು ಬಂದ ಕೂಡಲೇ ಹಳೆಯದರ ಮೇಲೆ 'ಇದು ಈಗ ಚಾಲ್ತಿಯಲ್ಲಿಲ್ಲ' ಎಂದು ಕೆಂಪು ಮೊಹರು ಒತ್ತುವವಳು ನಾನು. ಹಳೆಯ ನಕ್ಷೆ ಹಿಡಿದು ಸೈಟಿನಲ್ಲಿ ಯಾರಾದರೂ ಗೋಡೆ ಎಬ್ಬಿಸಿದರೆ ನನ್ನ ತಲೆ ಹೋಗುತ್ತದೆ. ಈ ಕೆಲಸದಲ್ಲಿ ನಾನು ಬಲು ಕಟ್ಟುನಿಟ್ಟು. ಎಂಜಿನಿಯರುಗಳು ನನ್ನನ್ನು ಕಂಡರೆ ಕೈಯಲ್ಲಿರುವ ಕಾಗದ ಬೆನ್ನ ಹಿಂದೆ ಅಡಗಿಸುತ್ತಾರೆ.

ಆಫೀಸಿನ ಹುಟ್ಟುಹಬ್ಬಗಳೂ ನನ್ನದೇ ಇಲಾಖೆ. ಯಾರದೇ ಹುಟ್ಟಿದ ದಿನವಾದರೂ ಪ್ಯಾಂಟ್ರಿಯಲ್ಲಿ ಎಲ್ಲರೂ ಸೇರಬೇಕು, ಕೇಕ್ ಕತ್ತರಿಸಬೇಕು, ಬೇಸುರಾಗಿ ಹಾಡಬೇಕು, ಆಮೇಲೆ ಕಂಪ್ಯೂಟರಿಗೆ ಮರಳಬೇಕು. ಗಲ್ಫಿನ ಆಫೀಸುಗಳಲ್ಲಿ ಇದು ಪೂಜೆಯಷ್ಟೇ ಖಾಯಂ. ಸಾರಥಿಯ ಹುಟ್ಟುಹಬ್ಬ ಬಂದಾಗ ಈ ಸಲ ಏನಾದರೂ ವಿಶೇಷ ಮಾಡೋಣ ಎನ್ನಿಸಿತು. ಇಂಟರ್ನೆಟ್ಟಿನಲ್ಲಿ ಅವರ ಕ್ಲಬ್ಬಿನ ಹೆಸರು ಹುಡುಕಿದೆ. ಮೊದಲಿಗೇ ಲಾಂಛನ ಸಿಕ್ಕಿತು. ಒಂದು ರೈಲು ಗಾಲಿ, ಅದರ ಮೇಲೆ ಒಂಟಿಕಾಲಲ್ಲಿ ನಿಂತ ಕೊಕ್ಕರೆ. ಅದನ್ನೇ ಬೇಕರಿಗೆ ಕಳಿಸಿ, ಕೇಕಿನ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಿದೆ. ಅವರ ಮುಖ ಹೇಗೆ ಅರಳಬಹುದು ಎಂದು ದಾರಿಯುದ್ದಕ್ಕೂ ಊಹಿಸಿಕೊಂಡು ಒಬ್ಬಳೇ ಬೀಗಿದೆ.

ಡಬ್ಬ ತೆರೆದಾಗ ಅವರ ಮುಖ ಅರಳಲಿಲ್ಲ. ಕೊಕ್ಕರೆಯನ್ನೇ ನೋಡುತ್ತಾ ನಿಂತರು. ಎಲ್ಲರೂ ಹಾಡಿ ಮುಗಿಸಿ, ಚಪ್ಪಾಳೆಯೂ ಸೋತು ನಿಂತ ಮೇಲೆ ಚಾಕು ಕೈಗೆತ್ತಿಕೊಂಡರು. ನಡುವಿಗೆ ಚಾಕು ತಾಗಿಸಲಿಲ್ಲ. ನಾಲ್ಕು ಅಂಚಿನಿಂದ ಬರೀ ಕ್ರೀಮು ಇದ್ದ ಪಟ್ಟಿಗಳನ್ನು ಕೊಯ್ದು ಎಲ್ಲರಿಗೂ ಹಂಚಿದರು. ಗಾಲಿಯೂ ಕೊಕ್ಕರೆಯೂ ತಟ್ಟೆಯ ನಡುವೆ ದ್ವೀಪದ ಹಾಗೆ ಉಳಿದವು. ತಾವು ಒಂದು ಚೂರೂ ಬಾಯಿಗಿಡದೆ ತಮ್ಮ ಮೇಜಿಗೆ ಹೋಗಿಬಿಟ್ಟರು.

ಸಂಜೆ ಕಾರಿನಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಜಬಲ್ ಅಲಿ ದಾಟಿತು, ಮಾತಿಲ್ಲ. ಗಂತೂತ್ ಬಂತು, ಮಾತಿಲ್ಲ. ಕೊನೆಗೆ ರೇಗಿಬಿಟ್ಟೆ. "ಕೇಕ್ ಇಷ್ಟವಾಗಲಿಲ್ಲ ಅಂದರೆ ಬಾಯಿಬಿಟ್ಟು ಹೇಳಿ. ಹೀಗೆ ಮುಖ ಊದಿಸಿಕೊಂಡು ಕೂತರೆ ನನಗೇನು ಕನಸು ಬೀಳುತ್ತದಾ?"

ಅವರು ಕಾರನ್ನು ಬದಿಯ ಪೆಟ್ರೋಲ್ ಪಂಪಿಗೆ ತಿರುಗಿಸಿ ನಿಲ್ಲಿಸಿದರು. ಫೋನಿನಲ್ಲಿ ಒಂದು ಫೋಟೋ ತೆಗೆದು ತೋರಿಸಿದರು. ಅಭಿಮಾನಿಗಳು ಕಟ್ಟಿದ ಹೊಸ ತಂಡದ ಹುಡುಗರು ಸಾಲಾಗಿ ನಿಂತಿದ್ದರು. ಹಸಿರು ಜೆರ್ಸಿ. ಎದೆಯ ಎಡಗಡೆ, ಲಾಂಛನ ಇರಬೇಕಾದಲ್ಲಿ, ಬರೀ ಬಟ್ಟೆ.

"ಆ ಕೊಕ್ಕರೆ ಈಗ ನಮ್ಮದಲ್ಲ" ಎಂದರು.

ಆ ದಿನ ಗುಂಡಿಯೊಳಗಿನ ಕಥೆ ಹೊರಗೆ ಬಂತು. ಹಳೆಯ ಕಮ್ಯುನಿಸ್ಟ್ ಸರ್ಕಾರ ಬಿದ್ದ ಮೇಲೆ ಕಾರ್ಖಾನೆ ಗುಜರಿಗೆ ಹೋಯಿತು. ಕ್ಲಬ್ಬಿಗೆ ಒಬ್ಬ ಧಣಿ ಬಂದ. ಹೊರಗಿನಿಂದ ಆಟಗಾರರನ್ನು ತಂದ, ಪತ್ರಿಕೆಗಳಲ್ಲಿ ಮೆರೆದ, ಒಂದು ದಿನ ಕೈ ಕೊಡವಿ ಎದ್ದು ಹೋದ. ಸಂಬಳವಿಲ್ಲದ ಆಟಗಾರರು ಚೆಲ್ಲಾಪಿಲ್ಲಿಯಾದರು. ಕ್ಲಬ್ಬಿಗೆ ಬೀಗ ಬಿತ್ತು. ಹೆಸರು ಮತ್ತು ಲಾಂಛನ ಹರಾಜಿಗೆ ಬಂದವು. ಇನ್ನೊಬ್ಬ ಧಣಿ ಅವೆರಡನ್ನೂ ಕೊಂಡು, ಬೇರೆ ಊರಿನ ಆಟಗಾರರಿಗೆ ಅದೇ ಜೆರ್ಸಿ ತೊಡಿಸಿ, ಇದೇ ಅಸಲಿ ತಂಡ ಎಂದು ಡಂಗುರ ಹೊಡೆದ. ಊರಿನ ಜನ ಆ ಮೈದಾನದ ಕಡೆ ತಲೆ ಹಾಕಲಿಲ್ಲ. ತಾವೇ ಸೇರಿ ಇನ್ನೊಂದು ತಂಡ ಕಟ್ಟಿದರು. ಲಾಂಛನ ಕಾನೂನಿನ ಪ್ರಕಾರ ತಮ್ಮದಲ್ಲ, ಬೇರೆ ಯಾವುದನ್ನಾದರೂ ಹೊಲಿಸಲು ಮನಸ್ಸಿಲ್ಲ. ಹಾಗಾಗಿ ಆ ಜಾಗವನ್ನು ಖಾಲಿಯೇ ಬಿಟ್ಟರು.

ಚಾಲ್ತಿಯಲ್ಲಿಲ್ಲದ ನಕ್ಷೆಗೆ ಮೊಹರು ಒತ್ತಿ ಒತ್ತಿ ಕೈ ಸವೆಸಿದವಳು, ಊರೇ ಬಿಟ್ಟುಕೊಟ್ಟ ಲಾಂಛನವನ್ನು ಕ್ರೀಮಿನಲ್ಲಿ ಬಿಡಿಸಿ ತಂದಿದ್ದೆ!

"ಹಾಗಿದ್ದರೆ ನಡುವಿಗೇ ಚಾಕು ಹಾಕಬೇಕಿತ್ತು" ಎಂದೆ.

"ಹೇಗೆ ಹಾಕಲಿ? ನನ್ನ ಅಪ್ಪನ ಕೋಟಿನ ಮೇಲಿದ್ದದ್ದೂ ಅದೇ ಕೊಕ್ಕರೆ." ಫೋನನ್ನು ಜೇಬಿಗಿಟ್ಟು ಅವರೇ ಹೇಳಿದರು. "ಈಗ ಅದಿರುವ ಜೆರ್ಸಿಗಳನ್ನು ಒಗೆಯುವವನು ನನ್ನ ತಮ್ಮ."

ತಮ್ಮನೂ ಬೋಗಿ ಕಾರ್ಖಾನೆಯಲ್ಲೇ ಇದ್ದನಂತೆ. ಅದು ಮುಚ್ಚಿದ ಮೇಲೆ ಹಳೆಯ ಕ್ಲಬ್ಬಿನಲ್ಲಿ ಜೆರ್ಸಿ, ಬೂಟು, ಚೆಂಡು ನೋಡಿಕೊಳ್ಳುವ ಉಗ್ರಾಣದ ಕೆಲಸಕ್ಕೆ ಸೇರಿದ. ಕ್ಲಬ್ಬು ಮುಳುಗಿದಾಗ ಹೊಸ ಧಣಿ ಕರೆದ, ಇವನು ಹೋದ. ಇಲ್ಲಿ ಗಲ್ಫಿನಲ್ಲಿದ್ದ ಅಣ್ಣ ಫೋನು ಮಾಡಿ, ಕಳ್ಳರ ಬಟ್ಟೆ ಒಗೆದು ಬದುಕುವವನು ನನ್ನ ತಮ್ಮನಲ್ಲ ಎಂದುಬಿಟ್ಟರು. ಅಲ್ಲಿಗೆ ಅಣ್ಣತಮ್ಮಂದಿರ ಮಾತು ಮುಗಿಯಿತು. ಎಷ್ಟೋ ವರ್ಷವಾಗಿತ್ತು.

ಇಂಥದ್ದು ಕಿವಿಗೆ ಬಿದ್ದ ಮೇಲೆ ನಾನು ಸುಮ್ಮನಿರುವುದುಂಟೇ? ದಿನಾ ಬೆಳಿಗ್ಗೆ ಬನ್ಸ್ ಜೊತೆಗೆ ಅದೇ ಮಾತು. ಒಂದು ಫೋನ್ ಮಾಡಿ. ಹಬ್ಬದ ನೆಪ ಇಟ್ಟುಕೊಂಡು ಮಾಡಿ. ಅವನಿಗೂ ಹೊಟ್ಟೆಪಾಡಿರಲಿಲ್ಲವೇ? ಹಳೆಯ ನಕ್ಷೆಯನ್ನು ನಾವು ಹರಿದು ಬಿಸಾಡುವುದಿಲ್ಲ, ಮೊಹರು ಒತ್ತಿ ಜೋಪಾನವಾಗಿ ಇಡುತ್ತೇವೆ ಎಂದು ಒಂದು ದಿನ ದೊಡ್ಡದಾಗಿ ಉಪದೇಶವನ್ನೂ ಮಾಡಿದೆ. "ನನ್ನ ತಮ್ಮ ನಕ್ಷೆಯಲ್ಲ" ಎಂದು ಅವರು ಅಷ್ಟಕ್ಕೇ ನನ್ನ ಬಾಯಿ ಮುಚ್ಚಿಸಿದರು.

ಮನೆಯಲ್ಲಿ ಗಂಡನಿಗೂ ಬೇಸರ ಬಂದಿತ್ತು. "ನಿನಗೆ ಎಂತಕ್ಕೆ ಬೇಕು ಆ ಉಸಾಬರಿ? ಅವರದ್ದು ಅವರಿಗೆ ಉಂಟು. ನೀನು ಸುಮ್ಮನೆ ಮಂಡೆ ಬಿಸಿ ಮಾಡಿಕೊಳ್ತಿ" ಎಂದ. ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಮಗಳು "ಅಮ್ಮಾ, ಇಟ್ಸ್ ನಾಟ್ ಯುವರ್ ಫ್ಯಾಮಿಲಿ" ಎಂದಳು. ಇಬ್ಬರ ಮಾತೂ ನಿಜ. ಆದರೆ ದಿನಕ್ಕೆ ಎರಡು ಹೊತ್ತು ಪಕ್ಕದಲ್ಲಿ ಕೂತವರ ಸಂಕಟ ನಮ್ಮ ಮೈಗೂ ಹತ್ತುತ್ತದೆ. ನನಗೆ ಹತ್ತಿತ್ತು.

ಅತ್ತ ಊರಿನ ತಂಡ ಮೇಲೇಳುತ್ತಿತ್ತು. ಒಂದು ವರ್ಷ ಒಂದು ದರ್ಜೆ, ಮುಂದಿನ ವರ್ಷ ಇನ್ನೊಂದು. ಹಸುಗಳಿರುವ ಮೈದಾನ ಹೋಗಿ ಬೇಲಿಯಿರುವ ಮೈದಾನ ಬಂತು. ಸೋಮವಾರ ಬೆಳಿಗ್ಗೆ ಸಾರಥಿಯ ಕೈ ಬ್ರೇಕ್ ತೆಗೆಯುವ ರಭಸದಲ್ಲೇ ಗೆದ್ದರೋ ಸೋತರೋ ಎಂದು ನನಗೆ ತಿಳಿಯುತ್ತಿತ್ತು. ಧಣಿಯ ತಂಡ ನೋಡುವವರಿಲ್ಲದೆ ಸೊರಗಿತು. ಕೊನೆಗೆ ಅವನೂ ಬೀಗ ಹಾಕಿದ. ಅಭಿಮಾನಿಗಳು ಹೆಸರನ್ನೂ ಕೊಕ್ಕರೆಯನ್ನೂ ವಾಪಸು ಪಡೆದರು. ಆ ಸುದ್ದಿ ಬಂದ ದಿನ ಸಾರಥಿ ಹೆದ್ದಾರಿಯಲ್ಲಿ ಜೋರಾಗಿ ಹಾಡಿದರು, ನಾನು ಅರ್ಥವಾಗದಿದ್ದರೂ ತಾಳ ಹಾಕಿದೆ.

ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಕೆಲಸ ಹೋದ ತಮ್ಮ ಹೊಸ ಕ್ಲಬ್ಬಿನ ಬಾಗಿಲಿಗೆ ಬಂದ. ಜೆರ್ಸಿ ಒಗೆಯುವ ಕೆಲಸ ಕೊಡಿ ಎಂದು ಕೇಳಿದ. ಧಣಿಯ ತಂಡದಲ್ಲಿ ದುಡಿದ ಯಾರನ್ನೇ ಸೇರಿಸಿಕೊಳ್ಳಬೇಕಾದರೂ ಎಲ್ಲ ಸದಸ್ಯರ ಮತ ಕೇಳಬೇಕು ಎಂದು ಕ್ಲಬ್ಬು ಕಟ್ಟಿದ ದಿನವೇ ನಿಯಮ ಮಾಡಿದ್ದರು. ಆ ನಿಯಮ ಬೇಕೇ ಬೇಕು ಎಂದು ಹಟ ಹಿಡಿದವರಲ್ಲಿ ನಮ್ಮ ಸಾರಥಿಯೂ ಒಬ್ಬರು. ಪರದೇಶದಲ್ಲಿರುವ ಸದಸ್ಯರು ಫೋನಿನಲ್ಲೇ ಮತ ಹಾಕಬಹುದಿತ್ತು.

ಆ ವಾರ ನಾನು ಅನುಭವಿಸಿದ ತಳಮಳ ಅಷ್ಟಿಷ್ಟಲ್ಲ. ಮತ ಹಾಕಿದಿರಾ ಎಂದರೆ ಇನ್ನೂ ಇಲ್ಲ ಎನ್ನುತ್ತಿದ್ದರು. ಮತ್ತೆ ಕೇಳಿದರೆ ಮಂಜು ಕವಿದ ರಸ್ತೆಯ ಕಡೆ ಬೆರಳು ತೋರಿಸಿ, ಮೊದಲು ದಾರಿ ನೋಡಲು ಬಿಡಿ ಎನ್ನುತ್ತಿದ್ದರು. ಆಫೀಸಿನಲ್ಲಿ ಒಂದು ನಕ್ಷೆಗೆ ತಲೆಕೆಳಗಾಗಿ ಮೊಹರು ಒತ್ತಿದೆ. ಮನೆಯಲ್ಲಿ ಸಾರಿಗೆ ಉಪ್ಪು ಹಾಕಲು ಮರೆತೆ. ಕೇಳಿದರೆ ರೊಮೇನಿಯಾದಲ್ಲಿ ಚುನಾವಣೆ ಎಂದು ಹೇಳಲಾದೀತೇ?

ಫಲಿತಾಂಶ ಬಂದದ್ದು ಒಂದು ಸಂಜೆ, ನಾವು ವಾಪಸು ಬರುವಾಗ. ಫೋನು ಸದ್ದು ಮಾಡಿತು. ಅವರು ಮತ್ತೆ ಅದೇ ಪೆಟ್ರೋಲ್ ಪಂಪಿಗೆ ಗಾಡಿ ತಿರುಗಿಸಿದರು. ಓದಿದರು. ಫೋನನ್ನು ತೊಡೆಯ ಮೇಲೆ ಬೋರಲಾಗಿ ಇಟ್ಟರು.

"ಏನಾಯಿತು?"

"ತೆಗೆದುಕೊಂಡಿದ್ದಾರೆ. ಒಬ್ಬರನ್ನು ಬಿಟ್ಟು ಎಲ್ಲರೂ ಒಪ್ಪಿದ್ದಾರೆ."

ನಾನು ಸೀಟಿನಲ್ಲೇ ಕುಣಿದೆ. "ದೇವರು ದೊಡ್ಡವನು! ಆ ಒಬ್ಬ ಪುಣ್ಯಾತ್ಮ ಯಾರಪ್ಪಾ, ಕಲ್ಲೆದೆಯವನು?"

ಅವರು ಎದುರಿನ ಗಾಜನ್ನೇ ನೋಡುತ್ತಿದ್ದರು. "ನಾನೇ" ಎಂದರು.

ನನಗೆ ಅವರ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು, ನಿಜವಾಗಿಯೂ ಬಂತು. ಅವರು ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಮೆಲ್ಲಗೆ ಹೇಳಿದರು. "ಬಹಳ ಜನ ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರ ನಡುವೆ ನನ್ನದೂ ಒಂದು ಕಾಣದ ಹಾಗೆ ಸೇರಿಹೋಗುತ್ತದೆ ಅಂದುಕೊಂಡೆ. ಈಗ ನೋಡಿ, ಒಂದೇ ಒಂದು. ನಮ್ಮದು ಸಣ್ಣ ಊರು. ಅದು ಯಾರದೆಂದು ಯಾರೂ ಕೇಳುವ ಅಗತ್ಯವೇ ಇಲ್ಲ. ಅವನಿಗಂತೂ ಇಲ್ಲವೇ ಇಲ್ಲ."

ಆಮೇಲೆ ಎರಡು ದಿನ ನಾನು ಬನ್ಸ್ ಒಯ್ಯಲಿಲ್ಲ. ಅವರೂ ಕೇಳಲಿಲ್ಲ. ಮುಳುಗಿದ್ದ ಕ್ಲಬ್ಬೇ ಎದ್ದು ಬಂತು, ಒಬ್ಬ ಮನುಷ್ಯನ ಹಟ ಕರಗಲಿಲ್ಲ ಎಂದು ನನಗೆ ಸಂಕಟ. ಅದಕ್ಕಿಂತ ಹೆಚ್ಚಾಗಿ, ಒತ್ತಾಯಿಸಿ ಒತ್ತಾಯಿಸಿ ನಾನೇ ಅವರನ್ನು ಆ ಕಡೆ ತಳ್ಳಿದೆನೋ ಎಂಬ ಭಯ. ಇದನ್ನು ಗಂಡನಿಗೆ ಹೇಳಿದರೆ "ಅಷ್ಟೆಲ್ಲ ದೊಡ್ಡ ಜನ ಅಲ್ಲ ನೀನು" ಎಂದು ನಕ್ಕ. ಒಂದು ರೀತಿಯಲ್ಲಿ ಸಮಾಧಾನವಾಯಿತು.

ಆ ಶನಿವಾರ ನಿರ್ಣಾಯಕ ಆಟವಿತ್ತು. ಗೆದ್ದರೆ ದೇಶದ ಎರಡನೆಯ ದರ್ಜೆಗೆ, ಸೋತರೆ ಇನ್ನೊಂದು ವರ್ಷ ಕಾಯಬೇಕು. ಒಬ್ಬನೇ ನೋಡಲಾರೆ, ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದು ಸಾರಥಿಯೇ ಕರೆದರು. ಮಧ್ಯಾಹ್ನದ ಊಟ ಮುಗಿಸಿ ಗಂಡನ ಜೊತೆ ಹಮ್ದಾನ್ ಸ್ಟ್ರೀಟಿನ ಅವರ ಫ್ಲಾಟಿಗೆ ಹೋದೆ. ಯಾರೋ ಅಭಿಮಾನಿ ಮೈದಾನದ ಬದಿಯಲ್ಲಿ ನಿಂತು ಫೋನಿನಿಂದ ನೇರವಾಗಿ ತೋರಿಸುತ್ತಿದ್ದ. ಅದನ್ನು ಟಿವಿಗೆ ಹಾಕಿದ್ದರು. ಚಿತ್ರ ಆಗಾಗ ಕಲ್ಲಾಗಿ ನಿಲ್ಲುತ್ತಿತ್ತು, ನಾನು ಪ್ರತಿ ಸಲ ಎದ್ದು ವೈಫೈ ಡಬ್ಬಿಯನ್ನು ಗದರಿಸಿ ಬರುತ್ತಿದ್ದೆ.

ಆಟಕ್ಕೆ ಮುಂಚೆ, ಒಬ್ಬ ಬೋಳುತಲೆಯವನು ಹೆಗಲ ಮೇಲೆ ಜೆರ್ಸಿ ತುಂಬಿದ ದೊಡ್ಡ ಚೀಲ ಹೊತ್ತು ಕುಂಟುತ್ತಾ ಮೈದಾನದ ಅಂಚಿನಲ್ಲಿ ಹಾದುಹೋದ. ಆಟಗಾರರು ಅವನ ಬೆನ್ನು ತಟ್ಟಿದರು. ಸಾರಥಿ ಸೋಫಾದ ತುದಿಗೆ ಸರಿದರು. "ಅವನ ಕಾಲಿಗೆ ಏನಾಯಿತು?" ಎಂದರು. ಯಾರನ್ನು ಕೇಳಿದರೋ ಗೊತ್ತಿಲ್ಲ, ಉತ್ತರ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಅವರು ಚೆಂಡನ್ನು ನೋಡಿದ್ದು ಕಡಿಮೆ. ಫೋನು ಹಿಡಿದ ಅಭಿಮಾನಿ ಬೆಂಚಿನ ಕಡೆ ತಿರುಗಿದಾಗಲೆಲ್ಲ ಮುಂದಕ್ಕೆ ಬಗ್ಗುತ್ತಿದ್ದರು.

ಕೊನೆಯ ಹೊತ್ತಿಗೆ ಒಂದು ಗೋಲು ಬಂತು, ತಂಡ ಗೆದ್ದಿತು. ಜನ ಬೇಲಿ ಹಾರಿ ಒಳಗೆ ನುಗ್ಗಿದರು, ಚಿತ್ರ ಆಕಾಶ ತೋರಿಸಿ ಕಡಿದುಹೋಯಿತು. ನಾನೂ ಗಂಡನೂ ಎದ್ದು ಚಪ್ಪಾಳೆ ತಟ್ಟಿದೆವು. ಸಾರಥಿ ಕೂತೇ ಇದ್ದರು. ಆಗ ಅವರ ಫೋನು ರಿಂಗಾಯಿತು. ತೆರೆಯ ಮೇಲೆ ಮೂಡಿದ ನಂಬರನ್ನು ನೋಡಿ ಕೈ ಹಿಂದೆಗೆದರು. ಎತ್ತಿ, ಎತ್ತಿ ಎಂದು ನಾನು ಕೂಗಿದೆ. ಗಂಡ ನನ್ನ ತೋಳು ಹಿಡಿದು ಕೂರಿಸಿದ.

ಎತ್ತಿದರು. ಆ ಕಡೆಯಿಂದ ಗದ್ದಲ, ಡೋಲು, ಅದರ ನಡುವೆ ಒಬ್ಬ ಗಂಡಸಿನ ಕೂಗು ನಮಗೂ ಕೇಳುತ್ತಿತ್ತು. ಇವರು ಹೆಚ್ಚು ಮಾತನಾಡಲಿಲ್ಲ. ಒಂದೆರಡು ಶಬ್ದ ಹೇಳಿ, ಸ್ವಲ್ಪ ಹೊತ್ತು ಕೇಳಿಸಿಕೊಂಡು, ಇಟ್ಟರು.

"ನಿಮ್ಮ ತಮ್ಮ ಏನಂದರು? ಬೈದರಾ?" ಎಂದೆ.

"ಇಲ್ಲ. ಊರಿನವರೆಲ್ಲ ಆ ಒಂದು ಮತ ನಿನ್ನ ಅಣ್ಣನದೇ ಅನ್ನುತ್ತಿದ್ದಾರಂತೆ. ನನ್ನ ಅಣ್ಣ ಅಂಥವನಲ್ಲ, ಅದು ಅವನದಲ್ಲ ಅಂತ ಎಲ್ಲರ ಹತ್ತಿರ ಜಗಳವಾಡಿದ್ದೇನೆ, ನೀನು ಬೇಜಾರು ಮಾಡಿಕೊಳ್ಳಬೇಡ ಅಂದ."

"ನೀವೇನು ಹೇಳಿದಿರಿ?"

"ಒಳ್ಳೆಯದು ಮಾಡಿದೆ ಅಂದೆ."

ಆ ದೊಡ್ಡ ಮನುಷ್ಯ ಮುಖ ಮುಚ್ಚಿಕೊಂಡು ಅತ್ತರು. ನನಗೂ ಅಳು ಬಂತು. ಗಂಡ ಅಡುಗೆಮನೆಗೆ ಹೋಗಿ, ಯಾವ ಡಬ್ಬದಲ್ಲಿ ಏನಿದೆ ಎಂದು ಗೊತ್ತಿಲ್ಲದಿದ್ದರೂ ಹುಡುಕಾಡಿ ಚಹಾ ಮಾಡಿ ತಂದ. ಸಕ್ಕರೆ ಸಿಕ್ಕಿರಲಿಲ್ಲ. ಮೂವರೂ ಹಾಗೆಯೇ ಕುಡಿದೆವು.

ನಾವು ಹೊರಟಾಗ ಸಾರಥಿ ಲಿಫ್ಟಿನವರೆಗೆ ಬಂದರು. ನಾಳೆಗೇ ಊರಿಗೆ ಟಿಕೆಟ್ ನೋಡುತ್ತೇನೆ ಎಂದರು. ಫೋನಿನಲ್ಲೇ ನಿಜ ಹೇಳಿಬಿಡಬಹುದಲ್ಲ ಎಂದು ನನ್ನ ನಾಲಿಗೆಯ ತುದಿಗೆ ಬಂದದ್ದು ಅವರಿಗೆ ಗೊತ್ತಾಯಿತೋ ಏನೋ. "ಇಲ್ಲ, ಅವನ ಎದುರು ನಿಂತೇ ಹೇಳಬೇಕು. ಅವನು ಹೊಡೆದರೆ ಹೊಡೆಸಿಕೊಳ್ಳಬೇಕು" ಎಂದರು.

ಸೋಮವಾರ ನಾನು ಬಸ್ಸಿನಲ್ಲಿ ದುಬೈಗೆ ಹೋದೆ.